ಕಮ್ಮಿ ಕಾಣೂ ಮಷೀನು

“ಮೀನ ಕಾಣೂ ಮಷೀನಿಗೆ ಮನೀನೂ ಕಂಡಬಿಟ್ಟರ ಏನ ಮಾಡೂದು?”

ಬಸಂತರಾಯರು ಈ ಪ್ರಶ್ನೆಯನ್ನು ಯಾರನ್ನೂ ಕೇಳಲಿಲ್ಲ. ಪಡಸಾಲೆಯ ಖುರ್ಚಿಯಲ್ಲಿ ಕುಳಿತು, ಮೊಬೈಲನ್ನು ಮೂಗಿನ ತನಕ ತಂದುಕೊಂಡು, ಎದುರಿನ ಗೋಡೆಗೆ ಕೇಳಿದರು. ಗೋಡೆ ಸುಮ್ಮನಿತ್ತು. ಒಳಗೆ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ವಿಜಯಲಕ್ಷ್ಮಿ ಮಾತ್ರ ಕೈ ನಿಲ್ಲಿಸಿ, “ಯಾರ ಮನೀರಿ?” ಎಂದರು.

“ಯಾರದೂ ಇಲ್ಲ. ನೀ ರೊಟ್ಟಿ ಬಡಿ.”

ಈ ಉತ್ತರದ ಗಾಂಭೀರ್ಯ ತಿಳಿಯಬೇಕಾದರೆ ಕೊಲ್ಹಾರದ ಸಂಗತಿ ಸ್ವಲ್ಪ ಹೇಳಬೇಕಾಗುತ್ತದೆ. ಈಗಿನ ಕೊಲ್ಹಾರ ದಿನ್ನೆಯ ಮೇಲಿದೆ. ಹಳೆಯ ಕೊಲ್ಹಾರ ಕೃಷ್ಣೆಯ ಹಿನ್ನೀರಿನ ಕೆಳಗಿದೆ. ಊರು ಮುಳುಗಿ ಇಪ್ಪತ್ತು ವರ್ಷದ ಮೇಲಾಯಿತು. ನೆಲದ ಮೇಲಿನ ಮನೆ ಬೆಳೆಯಬೇಕಾದರೆ ಕಲ್ಲು ಬೇಕು, ಕಟ್ಟುವ ಗವಂಡಿ ಬೇಕು, ಪಂಚಾಯಿತಿಯ ಪರವಾನಗಿ ಬೇಕು. ನೀರಿನೊಳಗಿನ ಮನೆಗೆ ಇದಾವುದೂ ಬೇಡ. ಹೇಳುವವನಿಗೆ ಬಾಯಿ, ಕೇಳುವವನಿಗೆ ಒಂದು ಕಪ್ಪು ಚಹಾ ಇದ್ದರೆ ಸಾಕು, ಅದು ತನ್ನಷ್ಟಕ್ಕೆ ಬೆಳೆಯುತ್ತದೆ. ಕಂಬದಿಂದ ಕಂಬಕ್ಕೆ ಒಂದು ಅಂಕಣವೆಂಬ ಲೆಕ್ಕದಲ್ಲಿ, ಮುಳುಗುವ ದಿನ ನಾಲ್ಕು ಅಂಕಣವಿದ್ದ ಮನೆಗಳು ನೀರು ಕುಡಿಯುತ್ತ ಕುಡಿಯುತ್ತ ಎಂಟಾದವು, ಹನ್ನೆರಡಾದವು. ತಗಡಿನ ಬಾಗಿಲುಗಳು ಸಾಗವಾನಿಯಾದವು. ಆಡು ಕಟ್ಟುತ್ತಿದ್ದ ಗೂಟಗಳಿಗೆ ಕುದುರೆಗಳು ಬಂದವು. ಇವನ್ನು ಊರಲ್ಲಿ ಯಾರೂ ಅಲ್ಲಗಳೆಯುತ್ತಿರಲಿಲ್ಲ. ಪಕ್ಕದವನ ಗೋಡೆಯ ಒಂದು ಕಲ್ಲು ಕಿತ್ತರೆ ತನ್ನ ಗೋಡೆಯೂ ಅದರ ಜೊತೆಗೇ ಬೀಳುತ್ತದೆಂಬ ತಿಳಿವಳಿಕೆ ಎಲ್ಲರಿಗೂ ಇತ್ತು.

ಬಸಂತರಾಯರದು ಹದಿನೆಂಟು ಅಂಕಣದ ವಾಡೆ. ಅದೂ ಬಾಯಿಮಾತಿನಲ್ಲಿ ಮೊದಲಿಗೆ ಐದೇ ಅಂಕಣದ್ದಾಗಿತ್ತು. ಮಗಳು ವಿದ್ಯಾವತಿಯನ್ನು ನೋಡಲು ಸಿಂದಗಿಯಿಂದ ಬೀಗರು ಬಂದ ದಿನ, ಅವಲಕ್ಕಿ ತಿಂದು ಮುಗಿಯುವುದರೊಳಗೆ ಹತ್ತು ಅಂಕಣವಾಯಿತು, ಚಹಾ ಬರುವುದರೊಳಗೆ ಹದಿನೆಂಟಾಯಿತು. ಬಾಗಿಲಲ್ಲಿ ನಿಂತಿದ್ದ ವಿಜಯಲಕ್ಷ್ಮಿ ಒಳಗೆ ಹೋಗಿ, “ನನಗರ ಎರಡ ಅಂಕಣದ ಕಸಾ ಹೊಡದದ್ದ ನೆನಪೈತಿ,” ಎಂದು ಒಲೆಗೆ ಹೇಳಿಕೊಂಡರು. ಒಲೆ ಅದನ್ನು ಯಾರಿಗೂ ಹೇಳಲಿಲ್ಲ.

ಖರೆ ಸಂಗತಿ ಇಷ್ಟು. ಬಸಂತರಾಯರ ತಂದೆ ಅರಳೆ ಗಿರಣಿಯ ಕಾವಲುಗಾರ. ಒಂದು ಮಳೆಗಾಲದಲ್ಲಿ ಅವರ ಗುಡಿಸಲು ಕುಸಿದಾಗ ಹೊಳೆದಂಡೆಯ ದೋಣಿಯವರು, ದುರ್ಗವ್ವನ ಮನೆಯವರು, “ಮಳೀ ನಿಲ್ಲೂ ಮಟಾ ಇರ್ರಿ” ಎಂದು ತಮ್ಮ ಎರಡು ಅಂಕಣದ ಮನೆಯಲ್ಲಿ ಒಂದು ಅಂಕಣ ಬಿಟ್ಟುಕೊಟ್ಟರು. ಆ ಮಳೆ ಇಪ್ಪತ್ತೆಂಟು ವರ್ಷ ನಿಲ್ಲಲಿಲ್ಲ. ಬಸಂತರಾಯರು ಹುಟ್ಟಿದ್ದು, ಅಕ್ಷರ ಕಲಿತದ್ದು, ಮೀಸೆ ಬಂದದ್ದು, ಲಗ್ನವಾದದ್ದು ಎಲ್ಲ ಆ ಒಂದು ಅಂಕಣದಲ್ಲೇ. ದುರ್ಗವ್ವನನ್ನು ಅವರು ಚಿಗವ್ವಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಊರು ಮುಳುಗಿದ ಮೇಲೆ ಅವರಿಗೆ ದಿನ್ನೆಯ ಮೇಲಿನ ಸಾಲಿನಲ್ಲಿ ಜಾಗ ಸಿಕ್ಕಿತು, ದುರ್ಗವ್ವನಿಗೆ ಕೆಳಗೆ ನೀರಿನ ಅಂಚಿಗೆ. ಬಸವನ ಬಾಗೇವಾಡಿಯ ಶಾಲೆಯೊಂದರಲ್ಲಿ ಗುಮಾಸ್ತಿಕೆಯೂ ಸಿಕ್ಕ ಮೇಲೆ ಚಿಗವ್ವ ಬರೀ ದುರ್ಗವ್ವ ಆದಳು. ಆಕೆಯ ಮಗ ಧರೆಪ್ಪ, ಜೊತೆಗೆ ಒಂದೇ ಗಂಗಾಳದಲ್ಲಿ ಉಂಡವನು, ದೂರದಿಂದ ಕೈ ಎತ್ತುವ ಪರಿಚಯದವನಾದ.

ಆದರೆ ಒಂದು ಎಡವಟ್ಟು ಉಳಿದಿತ್ತು. ಬೀಗರನ್ನು ಸೇತುವೆಯ ಮೇಲೆ ನಿಲ್ಲಿಸಿ ವಾಡೆಯ ಜಾಗ ತೋರಿಸುವಾಗ ಬಸಂತರಾಯರ ಬೆರಳು ನೆಟ್ಟಗೆ ದುರ್ಗವ್ವನ ಮನೆ ಮುಳುಗಿದ ಕಡೆಗೇ ಹೋಗಿತ್ತು. ಬಾಯಿ ಕಲಿತ ಸುಳ್ಳನ್ನು ಬೆರಳು ಇನ್ನೂ ಕಲಿತಿರಲಿಲ್ಲ. ಬೇಸಿಗೆಯಲ್ಲಿ ನೀರಿಳಿದಾಗ ಹಳೆಯ ಊರಿನ ಮೇಲುಭಾಗದ ಗೋಡೆಗಳು ಒಂದಷ್ಟು ತಲೆ ಹಾಕುತ್ತವೆ. ಹೊಳೆದಂಡೆಯ ಓಣಿ ಮಾತ್ರ ಎಂದೂ ಹೊರಬೀಳದು. ಆ ಧೈರ್ಯದ ಮೇಲೆ ಅವರು ಇಷ್ಟು ವರ್ಷ ನಿದ್ದೆ ಮಾಡಿದ್ದರು.

ಆ ನಿದ್ದೆಗೆ ಕಲ್ಲು ಬಿದ್ದದ್ದು ಸಿಂದಗಿಯ ಬೀಗರ ಫೋನಿನಿಂದ.

ಬೀಗರು, ಸಿದ್ದಲಿಂಗ ಮಾಸ್ತರರು, ನಿವೃತ್ತ ಹೆಡ್‌ಮಾಸ್ತರರು. ಯಾರನ್ನಾದರೂ ಎಬ್ಬಿಸಿ ನಿಲ್ಲಿಸಿ ಪ್ರಶ್ನೆ ಕೇಳುವ ಅವಕಾಶ ತಪ್ಪಿಹೋದ ದುಃಖದಲ್ಲಿ ಮೊಬೈಲು ಹಿಡಿದು, ದೋಣಿಯಲ್ಲಿ ಕುಳಿತು ಗಾಳ ಹಾಕುವವರ ವಿಡಿಯೋಗಳಿಗೆ ಮನಸೋತಿದ್ದರು. ಮೀನು ತಿನ್ನುವವರಲ್ಲ. ಹಿಡಿದು, ಫೋಟೋ ತೆಗೆಸಿಕೊಂಡು, ತಿರುಗಿ ನೀರಿಗೆ ಬಿಡುವ ಹೊಸ ಪಂಥಕ್ಕೆ ಸೇರಿದವರು.

“ಬೀಗರ, ಬರೂ ರವಿವಾರ ದೋಣಿ ಮಾಡಿಸ್ರಿ,” ಎಂದಿದ್ದರು. “ಗಾಳ, ಟೊಪ್ಪಿಗಿ ಎಲ್ಲಾ ತಗೊಂಡೇನಿ. ಫಿಶ್ ಫೈಂಡರ್ ಒಂದ ಉಳದೈತಿ. ನೀವು ನೀರಿನ ಊರವರು, ನೀವ ಆರಿಸಿ ತರ್ರಿ. ತುಟ್ಟೀದು ಬ್ಯಾಡ, ಸೋವೀದು ಇರಲಿ. ಆದ್ರ ತಳಾ ಮಾತ್ರ ಕನ್ನಡ್ಯಾಗ ಕಂಡಂಗ ಕಾಣಬೇಕು. ಮೀನಿನ ನೆವದಾಗ ನಿಮ್ಮ ವಾಡೇನೂ ನೋಡಿದಂಗ ಆಗ್ತೈತಿ. ಇಲ್ಲೆ ನಮ್ಮ ಓಣಿಗೆಲ್ಲಾ ಹೇಳಿಬಿಟ್ಟೇನಿ.”

ಹೀಗಾಗಿ ಬಸಂತರಾಯರು ಮೊಬೈಲಿನಲ್ಲಿ ಯಂತ್ರ ಹುಡುಕಲು ಕುಳಿತರು. ಲೋಕದ ಜನ ಕಡಿಮೆ ಬೆಲೆಯಲ್ಲಿ ಒಳ್ಳೆಯ ಯಂತ್ರ ಹುಡುಕುತ್ತಾರೆ. ಕಡಿಮೆ ಬೆಲೆಯಲ್ಲಿ ಕೆಟ್ಟ ಯಂತ್ರವನ್ನು ಶ್ರದ್ಧೆಯಿಂದ ಹುಡುಕಿದವರು ಜಗತ್ತಿನಲ್ಲಿ ಬಹುಶಃ ಇವರೊಬ್ಬರೇ. ‘ತಳದ ಕಲ್ಲು, ಬೊಡ್ಡೆ ಎಲ್ಲವೂ ನಿಚ್ಚಳ’ ಎಂದು ಯಾರೋ ಐದು ಚುಕ್ಕೆ ಕೊಟ್ಟು ಹೊಗಳಿದ್ದನ್ನು ಓದಿ ಬೆವರಿದರು. ‘ಶುದ್ಧ ಮೋಸ, ಏನೂ ಕಾಣುವುದಿಲ್ಲ’ ಎಂದು ಯಾರೋ ಒಂದೇ ಚುಕ್ಕೆ ಕೊಟ್ಟು ಬೈದದ್ದನ್ನು ಓದಿ ಅವರ ಮುಖ ಅರಳಿತು. ಆದರೆ ಆ ಮೋಸದ ಯಂತ್ರ ಮನೆ ಮುಟ್ಟಲು ಹನ್ನೊಂದು ದಿನ ಬೇಕಿತ್ತು. ರವಿವಾರಕ್ಕೆ ಉಳಿದದ್ದು ನಾಲ್ಕು.

ಮರುದಿನ ಶಾಲೆ ಬಿಟ್ಟವರೇ ಬಾಗೇವಾಡಿಯ ಅಬ್ದುಲಗನಿಯವರ ಅಂಗಡಿಗೆ ಹೋದರು. ಪಂಪು, ಪೈಪು, ಬೋರ್‌ವೆಲ್ಲಿಗೆ ಇಳಿಬಿಡುವ ಕ್ಯಾಮೆರಾ, ನೀರಿಗೆ ಸಂಬಂಧಪಟ್ಟದ್ದು ಏನೇ ಇರಲಿ, ಅಲ್ಲಿ ಸಿಗುತ್ತದೆ.

“ಮೂರ ನಮೂನೀವು ಅದಾವ್ರಿ,” ಅಬ್ದುಲಗನಿ ಮೂರು ಡಬ್ಬಿ ಮುಂದಿಟ್ಟರು. “ಇದು ಚೆಂಡು. ನೀರಾಗ ಒಗದ್ರ ನಿಮ್ಮ ಮೊಬೈಲಿನ್ಯಾಗ ಚಿತ್ರಾ ಬರ್ತೈತಿ. ಇದು ವಾಯರಿಂದು, ಸಣ್ಣ ಪರದಾ. ಇದು ಬಣ್ಣದ್ದು. ಎಲ್ಲಾದರ ಕೆಲಸಾನೂ ಒಂದರಿ. ಕೆಳಗ ಒಂದ ಕೂಗ ಹಾಕ್ತೈತಿ, ಕೂಗು ಎಲ್ಲಿ ಬಡದು ತಿರಗಿ ಬಂತು ನೋಡಿ ಚಿತ್ರಾ ಬರೀತೈತಿ.”

“ಬಣ್ಣದ್ದು ಎಷ್ಟ ಆಳ ನೋಡ್ತೈತಿ?”

“ನೂರ ಮೀಟರ್. ತಳದಾಗ ಬಿದ್ದ ಚಮಚಾನೂ ಬಿಡಂಗಿಲ್ರಿ.”

“ಅದನ್ನ ಕಡೀಕ ಇಡ್ರಿ!” ಯಂತ್ರ ಈಗಾಗಲೇ ತಮ್ಮೊಳಗೆ ಇಣುಕುತ್ತಿದೆಯೇನೋ ಎಂಬಂತೆ ಬಸಂತರಾಯರು ಹಿಂದೆ ಸರಿದರು. “ಚೆಂಡು?”

“ನಲವತ್ತು.”

“ಭಾಳ ಆತು. ವಾಯರಿಂದು?”

“ಮೂವತ್ತು. ಇದಕ್ಕಿಂತಾ ಕಮ್ಮಿ ಕಾಣೂದು ಇಲ್ರಿ.”

“ಹಂಗ ಅನಬ್ಯಾಡ್ರಿ. ಒಳಗ ಎಲ್ಲೆರ ಇದ್ದರ ನೋಡ್ರಿ.”

ಅಬ್ದುಲಗನಿ ಚಹಾದ ಕಪ್ಪು ಕೈಗೆತ್ತಿಕೊಂಡು ಗಿರಾಕಿಯನ್ನು ದಿಟ್ಟಿಸಿದರು. “ಸರ, ಮೂವತ್ತ ವರ್ಷಾತು ಅಂಗಡಿ ಇಟ್ಟು. ಪಂಪ ಒಯ್ಯಾಕ ಬಂದವರು ಯಾರೂ ಕಮ್ಮಿ ನೀರ ಎತ್ತೂದು ಕೊಡ್ರಿ ಅಂದಿಲ್ಲ. ನಿಮಗ ಕಮ್ಮಿ ಕಾಣೂದು ಯಾಕ ಬೇಕ್ರಿ?”

“ನಮ್ಮ ಬೀಗರ ಕಣ್ಣ ನಾಜೂಕರಿ. ಹೆಚ್ಚಿಗಿ ಕಂಡ್ರ ಅವರಿಗೆ ತ್ರಾಸಾಗ್ತೈತಿ.” ಇಷ್ಟಕ್ಕೇ ಸುಮ್ಮನಿದ್ದರೆ ಈ ಕಥೆ ಅಂಗಡಿಯಲ್ಲೇ ಮುಗಿಯುತ್ತಿತ್ತು. ಆದರೆ ಬಸಂತರಾಯರು ಕಟ್ಟೆಯ ಮೇಲೆ ಬಾಗಿ, ದನಿ ತಗ್ಗಿಸಿದರು. “ಮೀನ ಕಾಣಲಿ. ಮೀನಿಂದು ನನ್ನ ತಕರಾರಿಲ್ಲ. ಆದ್ರ ಬ್ಯಾರೆ ಏನೂ ಕಾಣಬಾರದು. ಗ್ವಾಡಿ, ಕಂಬಾ, ಹೊಸ್ತಲಾ, ಹಗೇವು... ಇಂಥಾವು.”

ಕಪ್ಪು ತುಟಿಯ ಹತ್ತಿರ ನಿಂತಿತು. ಹಗೇವು ಎಂದರೆ ಜೋಳ ತುಂಬಿಡಲು ಮನೆಯೊಳಗೆ ನೆಲ ಅಗೆದು ಮಾಡಿದ ಕಣಜ. ಆದರೆ ಮುಳುಗಿದ ಊರುಗಳ ಹಗೇವಿನಲ್ಲಿ ಜೋಳ ಇತ್ತೆಂದು ಈ ಭಾಗದಲ್ಲಿ ಯಾರೂ ನಂಬುವುದಿಲ್ಲ. ಏನೋ ಇದೆ, ಅದು ಇನ್ನೊಬ್ಬರ ಕಣ್ಣಿಗೆ ಬೀಳಬಾರದು, ಅದಕ್ಕೇ ಈ ಮನುಷ್ಯ ಕಮ್ಮಿ ಕಾಣುವ ಯಂತ್ರ ಕೇಳುತ್ತಿದ್ದಾನೆ ಎಂದು ಅಬ್ದುಲಗನಿ ಚಹಾ ಆರುವುದರೊಳಗೆ ಲೆಕ್ಕ ಹಾಕಿದರು. ಒಳಗಿನಿಂದ ಧೂಳು ಹಿಡಿದ ನಾಲ್ಕನೆಯ ಡಬ್ಬಿ ಬಂತು.

“ಗೊಳಸಂಗಿಯವರೊಬ್ಬರು ಕೃಷಿಹೊಂಡದಾಗ ಮೀನ ಬಿಟ್ಟೇನಂತ ಒಯ್ದು ತಿರಗಿ ತಂದ ಕೊಟ್ಟಾರ. ಏನ ಕಂಡ್ರೂ ಮೀನ ಅಂತೈತ್ರಿ ಇದು. ಕಲ್ಲ ಹಾಕಿದ್ರ ಮೀನು, ಚಪ್ಪಲಿ ಹಾಕಿದ್ರ ಮೀನು. ಅವರ ಎಮ್ಮಿ ಇಳದಿತ್ತು, ಅದಕ್ಕೂ ಟಿಣ್ ಅಂತ ಮೀನಿನ ಗುರ್ತ ತೋರಿಸೈತಿ.”

“ಇದ! ಇದನ್ನ ಕಟ್ಟರಿ!” ಬಸಂತರಾಯರ ಕಣ್ಣಲ್ಲಿ ನೀರೇ ಬಂತು. ಅಷ್ಟು ಆನಂದದಿಂದ ಕೆಟ್ಟ ಮಾಲು ಕೊಂಡವರನ್ನು ಆ ಅಂಗಡಿ ಕಂಡಿರಲಿಲ್ಲ.

ಬಸ್ಸಿಗೆ ಕೊಲ್ಹಾರ ಮುಟ್ಟಲು ಮುಕ್ಕಾಲು ತಾಸು ಬೇಕು. ಫೋನಿಗೆ ಅಷ್ಟು ಬೇಡ. ಅಬ್ದುಲಗನಿಯವರ ಹೆಂಡತಿಯ ತಮ್ಮ ಮೈಬೂಬನ ಚಹಾದಂಗಡಿ ಇರುವುದು ಕೊಲ್ಹಾರದ ಬಸ್‌ಸ್ಟ್ಯಾಂಡಿನಲ್ಲೇ. ನಿನ್ನೆಯವರೆಗೆ “ಏ ಬಸಂತಣ್ಣಾ” ಎನ್ನುತ್ತಿದ್ದವನು ಅಂದು ಎದ್ದು ನಿಂತು, ಬೆಂಚು ಒರೆಸಿ, “ಬರ್ರಿ ಸಾವ್ಕಾರ್ರ, ಕೂಡ್ರಿ. ಡಬ್ಬಿ ಭಾರ ಐತೇನ್ರಿ? ಹೋಗೂಮುಂದ ಹಗರ, ಬರೂಮುಂದ ಭಾರ ಆಗಲಿ,” ಎಂದ. ಬಸಂತರಾಯರಿಗೆ ಅರ್ಥವಾಗಲಿಲ್ಲ. ಸಾವ್ಕಾರ ಎಂದದ್ದು ಮಾತ್ರ ಕಿವಿಗೆ ಇಂಪಾಗಿ, ಚಹಾ ಕುಡಿದು ಹೋದರು.

ಅರ್ಥ ಮಾಡಿಸಿದ್ದು ಪಕ್ಕದ ಮನೆಯ ಗುಂಡವ್ವ. ಕತ್ತಲಾಗುವ ಹೊತ್ತಿಗೆ ಒಂದು ಬಟ್ಟಲು ಸಿಹಿ ಮಾದಲಿ ಹಿಡಿದುಕೊಂಡು ಬಂದಳು.

“ಬಸಂತಣ್ಣಾ, ನಮ್ಮ ಅತ್ತಿ ಹಳೇ ಮನ್ಯಾಗ ಮೂರನೇ ಕಂಬದ ಬುಡಕ ತಾಮ್ರದ ತಂಬಿಗಿ ಹುಗದಿದ್ಲಂತ. ಹ್ಯಾಂಗೂ ಹೊಂಟೀರಿ, ಅದೊಂದ ನೋಡಿಕೊಂಡ ಬರ್ರಿ.”

“ನಾ ಮೀನ ಹಿಡಿಯಾಕ ಹೊಂಟೇನಿ ಗುಂಡವ್ವಾ.”

“ಹೌದ್ರಿ, ಮೀನ. ನಾ ಎಲ್ಲಿ ಬ್ಯಾರೆ ಅಂದ್ನಿ?” ಗುಂಡವ್ವ ಕಣ್ಣು ಮಿಟುಕಿಸಿದಳು. “ಆ ಮೀನ ನಿಮ್ಮ ಹಗೇವಿನ್ಯಾಗ ಎಷ್ಟ ವರ್ಷದಿಂದ ಅದಾವೋ ಏನೋ.”

“ನಮ್ಮ ಮನ್ಯಾಗ ಹಗೇವ ಇರಲಿಲ್ಲವಾ!”

“ಹದಿನೆಂಟ ಅಂಕಣದ ವಾಡೇಕ್ಕ ಹಗೇವ ಇರಲಿಲ್ಲಾ?”

ಹಗೇವು ಇರಲಿಲ್ಲವೆಂದರೆ ವಾಡೆ ಹೋಗುತ್ತದೆ, ವಾಡೆ ಇತ್ತೆಂದರೆ ಹಗೇವು ಬರುತ್ತದೆ. ಬಸಂತರಾಯರು ಮಾದಲಿ ಬಾಯಿಗೆ ಹಾಕಿಕೊಂಡರು. ಶುಕ್ರವಾರ ಮುಗಿಯುವುದರೊಳಗೆ ಅವರ ನಿಧಿಗೆ ತೂಕವೂ ಬಂತು. ಬಂಗಾರ ಇಲ್ಲ ಎಂದದ್ದಕ್ಕೆ ಒಂದು ಕೊಪ್ಪರಿಗೆಯಾಯಿತು. ಆಣೆ ಮಾಡಿ ಇಲ್ಲ ಎಂದದ್ದಕ್ಕೆ ಎರಡಾಯಿತು. ವಿಚಿತ್ರವೆಂದರೆ ಅವರಿಗೆ ವಾಡೆ ಇರಲಿಲ್ಲವೆಂದು ಚೆನ್ನಾಗಿ ಬಲ್ಲ ಹಳಬರಿಗೂ ಬಂಗಾರದ ವಿಷಯದಲ್ಲಿ ಸಂಶಯ ಬರಲಿಲ್ಲ.

ಶನಿವಾರ ಮುಂಜಾನೆ ತಲಾಟಿ ಮುತ್ತುರಾಜ ಮೋಟರ್‌ಸೈಕಲ್ಲಿನ ಮೇಲೆ ಬಂದ. ಹೊಸದಾಗಿ ನೌಕರಿಗೆ ಬಂದ ಹುರುಪಿನವನು, ಗ್ರಾಮದ ಲೆಕ್ಕಪತ್ರ ಅವನ ಸುಪರ್ದಿನಲ್ಲಿ.

“ನೆಲದಾಗ ಏನ ಸಿಕ್ರೂ ಸರಕಾರದ್ದಾಗ್ತೈತ್ರಿ ಯಜಮಾನ್ರ. ನಾಳೆ ನಾನೂ ದೋಣಿಗೆ ಬರಾವ. ಮತ್ತ ಒಂದ ಮಾತು. ಮುಳಗಡಿ ಪರಿಹಾರದ ಯಾದಿ ಎಲ್ಲಾ ತಿರುವಿ ಹಾಕಿದ್ನಿ. ನಿಮ್ಮ ವಾಡೆ ಸಿಗಲಿಲ್ಲ.”

ಬಸಂತರಾಯರು ಖುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡರು. ಹೇಳಿಬಿಡಬೇಕು. ಇನ್ನೂ ಮನೆಯ ನಾಲ್ಕು ಗೋಡೆಯೊಳಗಿದೆ. ಈ ಹುಡುಗ ತಿಳಿವಳಿಕಸ್ಥ, ಬೀಗರು ಬರುವುದರೊಳಗೆ ಒಂದು ದಾರಿ ಮಾಡಿಕೊಟ್ಟಾನು. “ಸಾಹೇಬರ, ಅದು ಸಿಗೂದಿಲ್ರಿ. ಯಾಕಂದ್ರ...”

“ಗೊತ್ತಾತ್ರಿ!” ಮುತ್ತುರಾಜ ಕೈ ಮುಗಿದೇಬಿಟ್ಟ. “ದೊಡ್ಡ ಮನೆತನದವರು ಯಾದಿಯೊಳಗ ಹೆಸರ ಬರಿಸಿ ಸರಕಾರದ ಮುಂದ ಸರತಿ ನಿಲ್ಲತಾರೇನು? ನಿಮ್ಮ ಅಪ್ಪಾರ ಸ್ವಾಭಿಮಾನ ಅಂಥಾದ್ದು. ಹೇಳೂದ ಬ್ಯಾಡ್ರಿ, ತಿಳೀತು.”

ತೆರೆದ ಬಾಯಿಯನ್ನು ಬಸಂತರಾಯರು ಮುಚ್ಚಿಕೊಂಡರು. ಬಿರುಕು ಬಿಟ್ಟ ಸುಳ್ಳಿಗೆ ಗಿಲಾವು ಮಾಡಲು ಸರಕಾರವೇ ಗವಂಡಿಯನ್ನು ಕಳಿಸಿದಾಗ ಬೇಡವೆನ್ನುವ ಎದೆಗಾರಿಕೆ ಅವರಲ್ಲಿರಲಿಲ್ಲ. ಅವನು ಹೋದ ಮೇಲೆ ವಿಜಯಲಕ್ಷ್ಮಿ ಹೊರಗೆ ಬಂದರು.

“ಮಾವನವರ ಸ್ವಾಭಿಮಾನ ನಾನೂ ಕಂಡೇನಿ. ದುರ್ಗವ್ವ ಕೊಟ್ಟ ನುಚ್ಚಿಗೆ ಕೈ ಮುಗದ ಉಣ್ಣತಿದ್ರು.”

“ಈಗ ನಾ ಏನ ಮಾಡಬೇಕಂತಿ?”

“ನಾ ಏನಂತೇನಿ? ನಾ ಬರೇ ಎರಡ ಅಂಕಣದಾಕಿ.”

ಸಂಜೆ ದೋಣಿ ಹೇಳಲು ಕೆಳಗಿಳಿದು ಹೋಗಲೇಬೇಕಾಯಿತು. ಹಿನ್ನೀರಿನಲ್ಲಿ ದೋಣಿ ಇದ್ದವರು ಬೇರೆಯವರೂ ಇದ್ದರು. ಅವರೆಲ್ಲ ನಿಧಿಯಲ್ಲಿ ಪಾಲು ಕೇಳಿದ್ದರು. ಪಾಲು ಕೇಳದೆ ಉಳಿದವನು ಧರೆಪ್ಪನೊಬ್ಬನೇ. ಅವನ ತಗಡಿನ ಮನೆಯ ಮುಂದೆ ದುರ್ಗವ್ವ ಬಲೆ ಹರವಿಕೊಂಡು ಕುಳಿತಿದ್ದಳು. ಎಪ್ಪತ್ತೈದು ದಾಟಿದ ಕಣ್ಣು ನೆಟ್ಟಗೆ ಕಾಣದು, ಹರಿದ ಕಣ್ಣಿಗಳನ್ನು ಬೆರಳೇ ಹುಡುಕಿ ಹೊಲಿಯುತ್ತಿತ್ತು. ಹೆಜ್ಜೆಯ ಸಪ್ಪಳಕ್ಕೆ ತಲೆ ಎತ್ತಿದಳು.

“ಬಸಂತಾ ಹೌದಲ್ಲ? ನಡಿಗಿ ನಿಮ್ಮಪ್ಪಂದು. ಈ ಕಡೆ ದಾರಿ ತಪ್ಪಿ ಬಂದ್ಯಾ?”

“ಬೀಗರು ಬರಾಕತ್ತಾರ... ಧರೆಪ್ಪನ ದೋಣಿ ಬೇಕಾಗಿತ್ತು. ಮೀನ ಹಿಡದು ಬಿಡತಾರಂತ.”

“ಬಿಡತಾರಾ? ಬಿಡೂದಾದ್ರ ಹಿಡಿಯೂದ್ಯಾಕ?”

“ಫೋಟೋಕ್ಕ.”

ದುರ್ಗವ್ವ ಬಲೆಯ ಇನ್ನೊಂದು ಕಣ್ಣಿ ಹೊಲಿದಳು. “ಮೀನಿಗೆ ತಿಳಿಸಿ ಹೇಳ್ರಿ, ಗಾಬರಿ ಆದಾವು,” ಎಂದಳು. ಆಮೇಲೆ ಸೊಸೆಯನ್ನು ಕೂಗಿ, “ಬಸಂತ ಬಂದಾನ, ಬೆಲ್ಲದ ಚಹಾ ಮಾಡ. ಸಕ್ರೀದು ಇವಗ ಸೇರೂದಿಲ್ಲ,” ಎಂದಳು. ಊರು ಬದಲಾದ ಮೇಲೆ ಬಸಂತರಾಯರ ನಾಲಿಗೆ ಸಕ್ಕರೆ ಕಲಿತು ಎಷ್ಟೋ ವರ್ಷವಾಗಿತ್ತು. ಬೆಲ್ಲದ ಚಹಾ ಕುಡಿಯುವಷ್ಟು ಹೊತ್ತು ಅವರು ತಮ್ಮ ಚಪ್ಪಲಿಯನ್ನೇ ನೋಡುತ್ತ ಕುಳಿತರು. ನಿಧಿಯ ಸುದ್ದಿ ಈ ಮನೆಗೂ ಬಂದಿರಲೇಬೇಕು. ಯಾವ ಜಾಗದ ನಿಧಿ ಎಂಬುದೂ ಬಂದಿರಲೇಬೇಕು. ದುರ್ಗವ್ವ ಅದನ್ನು ಕೇಳಲಿಲ್ಲ. ಧರೆಪ್ಪ ಬಂದವನು, “ಆತ್ರಿ ಸಾವ್ಕಾರ್ರ, ಏಳಕ್ಕ ಬರ್ರಿ,” ಎಂದಷ್ಟೇ ಹೇಳಿ ಹೋದ. ಊರೆಲ್ಲ ಅಂದಾಗ ಇಂಪಾಗಿದ್ದ ಸಾವ್ಕಾರ ಎಂಬ ಮಾತು ಅವನ ಬಾಯಲ್ಲಿ ಬಸಂತರಾಯರಿಗೆ ಮೈಮೇಲೆ ಬಿಸಿನೀರು ಬಿದ್ದಂತಾಯಿತು.

ರವಿವಾರ ಏಳಕ್ಕೆ ದಂಡೆಯ ಮೇಲೆ ಊರಿಗೆ ಊರೇ ಇತ್ತು. ಸೇತುವೆಯ ಮೇಲೂ ಜನ. ಮೈಬೂಬ ಚಹಾದ ಡಬರಿ ಅಲ್ಲಿಗೇ ತಂದಿದ್ದ. ಸಿದ್ದಲಿಂಗ ಮಾಸ್ತರರು ಕಿತ್ತಳೆ ಬಣ್ಣದ ತೇಲುವ ಜಾಕೀಟು ಹಾಕಿಕೊಂಡು, ಅಗಲವಾದ ಟೊಪ್ಪಿಗೆ ಇಟ್ಟುಕೊಂಡು ಜನಸ್ತೋಮವನ್ನು ನೋಡಿ ಬೆರಗಾದರು.

“ಬೀಗರ, ಒಂದ ಮೀನ ಹಿಡಿಯೂದಕ್ಕ ಇಷ್ಟ ಮಂದಿ?”

“ನಮ್ಮ ಊರಾಗ... ಮೀನಿನ ಮ್ಯಾಲ ಭಾಳ ಪ್ರೀತಿರಿ.”

ದೋಣಿ ಹೊರಟಿತು. ಎಲ್ಲಿಗೆ ಎಂದು ಯಾರೂ ಹೇಳಬೇಕಾಗಲಿಲ್ಲ. “ಸಾವ್ಕಾರ್ರು ಯಾವಾಗ್ಲೂ ತೋರಸೂ ಜಾಗಾ ನನಗ ಗೊತ್ತೈತ್ರಿ,” ಎಂದು ಧರೆಪ್ಪ ನೆಟ್ಟಗೆ ನಡೆಸಿದ. ನಿಲ್ಲಿಸಿದಲ್ಲಿ ಮಾಸ್ತರರು ಯಂತ್ರ ನೀರಿಗಿಳಿಸಿ ಗುಂಡಿ ಒತ್ತಿದರು.

ಟಿಣ್. ಟಿಣ್. ಟಿಣ್. ಪರದೆಯ ಮೇಲೆ ಮೀನೋ ಮೀನು. ಬಸಂತರಾಯರು ಮನಸ್ಸಿನಲ್ಲೇ ಗೊಳಸಂಗಿಯ ಎಮ್ಮೆಗೆ ಕೈ ಮುಗಿದರು. ಮಾಸ್ತರರು ಗಾಳ ಹಾಕಿದರು. ಒಂದು ತಾಸು ಹೋಯಿತು. ಕೆಳಗೆ ಅಷ್ಟು ಮೀನು ಇದ್ದರೂ ಒಂದೂ ಎರೆಯನ್ನು ಮೂಸಲಿಲ್ಲ. ಮಾಸ್ತರರು ಕನ್ನಡಕ ಏರಿಸಿಕೊಂಡು ಪರದೆಗೆ ಬಗ್ಗಿದರು.

“ಬೀಗರ, ಏನ ಶಿಸ್ತರಿ ನಿಮ್ಮ ಮೀನಿಂದು! ಪ್ರಾರ್ಥನಾಕ್ಕ ನಿಂತಂಗ ಸಾಲ ಹಿಡದ ನಿಂತಾವು. ಒಂದೂ ಅಲಗವಲ್ದು. ಮೂವತ್ತಾರ ವರ್ಷ ನೌಕರಿ ಮಾಡೇನಿ, ಇಂಥಾ ಸಾಲ ಕಂಡಿಲ್ಲ.”

ತಲಾಟಿ ಮುತ್ತುರಾಜನೂ ಬಗ್ಗಿದ. ಅವನು ಜಮೀನು ಅಳೆದು ಪಳಗಿದವನು. “ಧರೆಪ್ಪಣ್ಣ, ಸಾವಕಾಶ ಮುಂದ ನಡಸು. ಇನ್ನೂ ಮುಂದ. ಹಾಂ, ಮೂಲಿಗೆ ಬಂದ್ವು. ಈಗ ಎಡಕ್ಕ ಹೊಳ್ಳಸು.” ಮೀನುಗಳ ಸಾಲೂ ಎಡಕ್ಕೆ ಹೊರಳಿತು. “ಸರ, ಇವು ಮೀನ ಅಲ್ಲ. ಇದು ಗ್ವಾಡಿ.”

“ವಾಡೆ!” ಮಾಸ್ತರರು ಎದ್ದು ನಿಂತದ್ದಕ್ಕೆ ದೋಣಿ ಓಲಾಡಿತು. “ಬೀಗರ ವಾಡೆ! ಅಳೀರಿ, ಅಳೀರಿ!”

ಅಳೆದರು. ಕಮ್ಮಿ ಕಾಣಲೆಂದು ತಂದ ಯಂತ್ರ ಟಿಣ್ ಟಿಣ್ ಎನ್ನುತ್ತ ಪ್ರಾಮಾಣಿಕವಾಗಿ ಸುತ್ತು ಹಾಕಿತು. ನಾಲ್ಕು ಮೂಲೆಯೂ ಬೇಗನೆ ಬಂದುಬಿಟ್ಟವು. ತಲಾಟಿ ಬೆರಳು ಮಡಿಚಿ ಎಣಿಸಿದ. “ಎರಡ ಅಂಕಣಾ ಆತ್ರಿ.”

“ಅದು ಬಚ್ಚಲಮನಿ ಇದ್ದೀತು,” ಎಂದರು ಮಾಸ್ತರರು. “ಉಳದ ಹದಿನಾರು?”

ದೋಣಿ ಆಚೆ ಹೋಯಿತು, ಈಚೆ ಹೋಯಿತು. ತಳ ನುಣ್ಣಗೆ ಬೋಳಾಗಿತ್ತು, ಟಿಣ್ ಎನ್ನಲು ಒಂದು ಹಂಚಿನ ಚೂರೂ ಇರಲಿಲ್ಲ.

“ಹೂಳು,” ಎಂದರು ಬಸಂತರಾಯರು. “ಹೂಳ ಮುಚ್ಚಿದ್ದೀತು.”

“ಹೂಳು ಹದಿನಾರ ಮುಚ್ಚಿ ಎರಡ ಬಿಡತೈತೇನ್ರಿ?” ಎಂದ ತಲಾಟಿ. ಕೇಳಿದ್ದು ಸಂಶಯದಿಂದಲ್ಲ, ಕಲಿಯುವ ಆಸೆಯಿಂದ. ಅದರಿಂದ ಬಸಂತರಾಯರಿಗೆ ಇನ್ನೂ ಕಷ್ಟವಾಯಿತು.

ಧರೆಪ್ಪ ಇಷ್ಟು ಹೊತ್ತು ಪರದೆಯ ಕಡೆ ಹೊರಳಿ ನೋಡಿರಲಿಲ್ಲ. ಈಗ ನೋಡಿದ. ಎರಡು ಅಂಕಣದ ನಡುವೆ ಮೀನಿನ ಗುರುತುಗಳಿಲ್ಲದ ಒಂದು ಸಣ್ಣ ಖಾಲಿ ಜಾಗವಿತ್ತು, ಬಾಗಿಲಿನಷ್ಟು. ಅವನು ಹುಟ್ಟು ಮೇಲಿಟ್ಟು, ಬಾಗಿ, ಬೊಗಸೆಯಲ್ಲಿ ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಂಡ.

“ಯಾಕಪಾ?” ಮಾಸ್ತರರು ಕೇಳಿದರು.

“ಏನಿಲ್ರಿ. ಹಳೇ ಊರಲ್ರಿ.”

“ನಿಮ್ಮ ಮನಿ ಎಲ್ಲಿ ಬರತಿತ್ತು?”

ಧರೆಪ್ಪ ಬಸಂತರಾಯರನ್ನು ನೋಡಿದ. ಸಿಟ್ಟಿನಿಂದ ನೋಡಿದ್ದರೆ ಅವರು ಹೇಗೋ ತಡೆದುಕೊಳ್ಳುತ್ತಿದ್ದರು. “ಇಲ್ಲೇ ಬಾಜೂಕ್ರಿ. ಸಾವ್ಕಾರ್ರಿಗೆ ಗೊತ್ತೈತಿ,” ಎಂದು ಹುಟ್ಟು ತೆಗೆದುಕೊಂಡ. ಬಸಂತರಾಯರು ಎರೆಹುಳದ ಡಬ್ಬಿಯೊಳಗೆ ಇಣುಕಿದರು. ಆ ಕ್ಷಣಕ್ಕೆ ಅದರೊಳಗೆ ಜಾಗವಿದ್ದರೆ ಹೊಕ್ಕುಬಿಡುತ್ತಿದ್ದರು.

ದೋಣಿ ದಂಡೆಗೆ ಹತ್ತಿದ್ದೇ ತಡ, ಊರು ಮುಗಿಬಿದ್ದಿತು. “ಸಿಕ್ತೇನ್ರಿ?” “ಎಷ್ಟ ಕೊಪ್ಪರಿಗಿ?” “ನಮ್ಮ ತಂಬಿಗಿ ಕಂಡಿತೇನ್ರಿ?” ಮಾಸ್ತರರು ಎರಡೂ ಕೈ ಎತ್ತಿದರು. ಎಷ್ಟೋ ವರ್ಷದ ಮೇಲೆ ಎದುರಿಗೆ ಇಷ್ಟು ಜನ ಸಾಲಾಗಿ ಸಿಕ್ಕ ಸುಖ ಅವರ ಮುಖದಲ್ಲಿ ಹೊಳೆಯುತ್ತಿತ್ತು.

“ಶಾಂತರಾಗ್ರಿ. ಬಂಗಾರ ಗಿಂಗಾರ ನನಗ ಗೊತ್ತಿಲ್ಲ. ವಾಡೆ ಐತಿ, ನಾ ಕಣ್ಣಾರೆ ಕಂಡೇನಿ. ಎರಡ ಅಂಕಣಾ ಕಂಡ್ವು, ಉಳದದ್ದು ಹೂಳಿನ್ಯಾಗ ಐತಿ. ಮಷೀನ ಸೋವೀದು, ಅದಕ್ಕ ಇಷ್ಟ ಕಂಡಿತು. ಬೀಗರು ಅಷ್ಟ ದೊಡ್ಡ ಮನೆತನದವರು, ಬಾಯಿ ಬಿಟ್ಟ ಒಂದ ಮಾತ ಆಡವಲ್ರು ನೋಡ್ರಿ.” ಆಮೇಲೆ ಕೈಯಲ್ಲಿ ಮೊಬೈಲು ಹಿಡಿದು ಸುತ್ತ ನೋಡಿದರು. “ಇಲ್ಲೆ ಹಳೇ ಊರಿನ ಹಿರೇರು ಯಾರದಾರ? ವಾಡೆ ಹೆಂಗಿತ್ತಂತ ಒಂದ ಎರಡ ಮಾತ ಹೇಳಲಿ. ವಿಡಿಯೋ ಮಾಡಿ ಸಿಂದಗಿಗೆ ಕಳಸ್ತೇನಿ.”

ಹಳಬರೆಲ್ಲ ತಟ್ಟನೆ ಹೂಳಾದರು. ಒಬ್ಬ ಚಪ್ಪಲಿ ಹುಡುಕತೊಡಗಿದ. ಗುಂಡವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ತಮ್ಮ ತಮ್ಮ ಹನ್ನೆರಡು ಅಂಕಣಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಒಬ್ಬೊಬ್ಬರೇ ಹಿಂದೆ ಸರಿದಂತೆ, ಮುಂದೆ ಉಳಿದದ್ದು ಬಲೆ ಹರವಿಕೊಂಡು ನೆಲಕ್ಕೆ ಕುಳಿತಿದ್ದ ದುರ್ಗವ್ವ.

“ಯವ್ವಾ, ನೀವ ಹೇಳ್ರಿ,” ಮಾಸ್ತರರು ಮೊಬೈಲು ಎತ್ತಿ ಹಿಡಿದು ಹತ್ತಿರ ಬಂದರು. “ನಮ್ಮ ಬೀಗರ ಮನಿ ನೀವ ನೋಡಿದ್ರ್ಯಾ?”

“ನೋಡದೇನ,” ಎಂದಳು ದುರ್ಗವ್ವ.

“ಹಂಗಾರ ಹೇಳ್ರಿ. ದೊಡ್ಡದಿತ್ತೇನ್ರಿ?”

ದುರ್ಗವ್ವ ಬಲೆಯ ಮೇಲಿನ ಕೈ ನಿಲ್ಲಿಸಿದಳು. ಬಸಂತರಾಯರು ಜನರ ನಡುವಿನಿಂದ ಹಾದು ಬಂದರು. ಕಾಲುಗಳು ಕೆಸರಿನಲ್ಲಿ ಹೂತುಹೋಗುತ್ತಿದ್ದವು. ಆಕೆಯ ಎದುರಿಗೆ ಕುಕ್ಕರಗಾಲಿನಲ್ಲಿ ಕುಳಿತರು. ಅವರ ಮುಖ ಬಲೆಯ ಹತ್ತಿರಕ್ಕೆ ಬಗ್ಗಿತ್ತು. ಹೊರಟ ದನಿ ಮಾಸ್ತರರ ಮೊಬೈಲಿಗೂ ಸಿಕ್ಕಲಾರದಷ್ಟು ಸಣ್ಣದು.

“ಚಿಗವ್ವಾ.”

ಎಷ್ಟೋ ವರ್ಷದ ಮೇಲೆ ಆ ಹೆಸರು ಕೇಳಿ ಮುದುಕಿಯ ರೆಪ್ಪೆ ಅಲುಗಿತು. ಅಷ್ಟೇ.

“ಚಿಗವ್ವಾ, ನೀ ಹೇಳವಾ. ಏನರ ಹೇಳು. ವಾಡೆ ಇತ್ತಂತ ಹೇಳು, ಇಲ್ಲಾ ಇವನ ಅಪ್ಪ ನಮ್ಮ ಮನ್ಯಾಗ ಆಸರಾ ಇದ್ದಾ ಅಂತ ಹೇಳು. ಯಾವದಾದ್ರೂ ನಡೀತೈತಿ. ನನ್ನ ಬಾಯಾಗ ಬರವಲ್ದು. ನಿನ್ನ ಕಾಲ ಹಿಡೀತೇನಿ, ನೀ ಒಂದ ಮಾತ ಹೇಳಿಬಿಡು.”

ದುರ್ಗವ್ವ ಬಲೆಯನ್ನು ಮಡಿಚಿ ಪಕ್ಕಕ್ಕಿಟ್ಟಳು. ಕೈ ಚಾಚಿ, ತಡವಿ, ಅವರ ಭುಜ ಸಿಕ್ಕಿದ ಮೇಲೆ ಅದರ ಮೇಲೆ ಕೈಯಿಟ್ಟಳು.

“ಒಲ್ಲೆ,” ಎಂದಳು. ದಂಡೆಯ ಆ ತುದಿಗೆ ನಿಂತವರಿಗೂ ಕೇಳಿಸಿತು. “ನಾ ಹೇಳೂದಿಲ್ಲ ಬಸಂತಾ. ನೀನ ಹೇಳು.”